ಮೇಷ್ಟ್ರ ಮೈಯ ನೆನಪು, ಹುಡುಗನ ಮೊಣಕೈ



ಕವಿಗಳ, ವಿದ್ವಾಂಸರ ಹೆಸರಿನಲ್ಲಿ ನಮ್ಮಲ್ಲಿ ಬೇಕಾದಷ್ಟು ದತ್ತಿಗಳಿವೆ. ಮೂವತ್ತು ವರ್ಷ ಕೊರಳಲ್ಲಿ ಸೀಟಿ ಕಟ್ಟಿಕೊಂಡು ನಿಂತ ಒಬ್ಬ ಪಿ.ಟಿ. ಮೇಷ್ಟ್ರ ನೆನಪಿಗೆ ದತ್ತಿ ಇಟ್ಟಿರುವುದು ಅಪರೂಪ. ಅದಕ್ಕಾಗಿ ಈ ದತ್ತಿ ಇಟ್ಟ ಮನೆಯವರಿಗೆ ಮೊದಲು ಕೈ ಮುಗಿಯುತ್ತೇನೆ.

ನಾನು ಬೇಸ್‌ಬಾಲ್ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕ್ರಿಕೆಟ್, ಕೊಕ್ಕೊ, ಕಬಡ್ಡಿ ಇರುವಾಗ ಅದೇಕೆ ಎಂಬ ಪ್ರಶ್ನೆ ಆ ಮೌನದಲ್ಲಿತ್ತು. ನಾನು ದೈಹಿಕ ಶಿಕ್ಷಕನ ಕೆಲಸದಿಂದ ನಿವೃತ್ತಿಯ ಅಂಚಿನಲ್ಲಿದ್ದಾಗ, 2019ರ ಜುಲೈನಲ್ಲಿ, ಜಪಾನಿನ ಒಂದು ಹೈಸ್ಕೂಲ್ ಪಂದ್ಯದ ಸುದ್ದಿ ಓದಿದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಆ ಆಟವನ್ನು, ಅದನ್ನು ಮಕ್ಕಳಿಗೆ ಕಲಿಸುವವರನ್ನು ಹುಡುಕಿಕೊಂಡು ಓದುತ್ತಲೇ ಇದ್ದೇನೆ.

ಜುಲೈ 25. ಜಪಾನಿನ ಈಶಾನ್ಯದ ಇವಾಟೆ ಪ್ರಾಂತ್ಯದ ಹೈಸ್ಕೂಲ್ ಟೂರ್ನಿಯ ಫೈನಲ್, ಮೊರಿಯೋಕಾ ನಗರದಲ್ಲಿ. ಗೆದ್ದವರು ಕೋಶಿಯೆನ್‌ಗೆ ಹೋಗುತ್ತಾರೆ. ಕೋಶಿಯೆನ್ ಎಂದರೆ 1924ರಲ್ಲಿ ಕಟ್ಟಿದ ಒಂದು ಕ್ರೀಡಾಂಗಣ. ಪ್ರತಿ ಬೇಸಿಗೆಯಲ್ಲಿ ಅಲ್ಲಿ ನಡೆಯುವ ರಾಷ್ಟ್ರೀಯ ಹೈಸ್ಕೂಲ್ ಬೇಸ್‌ಬಾಲ್ ಟೂರ್ನಿಗೆ ಇರುವ ಹೆಸರೂ ಅದೇ. ಟೂರ್ನಿ ಶುರುವಾದದ್ದು 1915ರಲ್ಲಿ. ಸೋತ ಹುಡುಗರು ಅಳುತ್ತ ಮಂಡಿಯೂರಿ ಆ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ಇಡೀ ದೇಶ ಟಿ.ವಿ. ಮುಂದೆ ಕೂರುತ್ತದೆ.

ಓಫುನಾಟೊ ಎಂಬ ಕಡಲತೀರದ ಊರಿನ ಸರ್ಕಾರಿ ಹೈಸ್ಕೂಲು ಆ ಫೈನಲ್ ತಲುಪಿತ್ತು. ಆ ಶಾಲೆ ಬೇಸಿಗೆಯ ಕೋಶಿಯೆನ್ ಕಂಡು 35 ವರ್ಷವಾಗಿತ್ತು. ಈ ಸಲ ಅವರ ಬಳಿ ರೋಕಿ ಸಾಸಾಕಿ ಎಂಬ ಹುಡುಗನಿದ್ದ. ಅದೇ ಏಪ್ರಿಲ್‌ನಲ್ಲಿ ಅವನು ಎಸೆದ ಒಂದು ಚೆಂಡು ಗಂಟೆಗೆ 163 ಕಿ.ಮೀ. ವೇಗ ಮುಟ್ಟಿತ್ತು. 2011ರ ಸುನಾಮಿಯಲ್ಲಿ, ಒಂಬತ್ತು ವರ್ಷದವನಿದ್ದಾಗ, ಅವನು ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡಿದ್ದ. ದೊಡ್ಡ ದೊಡ್ಡ ಖಾಸಗಿ ಶಾಲೆಗಳು ಕರೆದರೂ ಹೋಗದೆ, ಜೊತೆಯಲ್ಲಿ ಬೆಳೆದ ಗೆಳೆಯರೊಂದಿಗೇ ಕೋಶಿಯೆನ್‌ಗೆ ಹೋಗಬೇಕೆಂದು ಊರಲ್ಲೇ ಉಳಿದವನು.

ಫೈನಲ್ ದಿನ ಅವನನ್ನು ಆಡಿಸಲಿಲ್ಲ. ಚೆಂಡು ಎಸೆಯಲೂ ಇಲ್ಲ, ಬ್ಯಾಟು ಹಿಡಿಯಲೂ ಇಲ್ಲ. ಓಫುನಾಟೊ 12–2ರಿಂದ ಸೋತಿತು. ಹುಡುಗ ಬೆಂಚಿನ ಮೇಲೆ ಕೂತು ನೋಡಿದ.

ಕೋಚ್ ಯೋಹೆಯ್ ಕೊಕುಬೊ, ಆಗ 32ರ ಪ್ರಾಯ. ಹುಡುಗನಿಗೆ ಗಾಯವಾಗಬಾರದೆಂದು ತಾನೇ ಮಾಡಿದ ತೀರ್ಮಾನ ಇದು ಎಂದು ಪತ್ರಕರ್ತರ ಮುಂದೆ ಹೇಳಿದರು. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಸಾಸಾಕಿ 129 ಚೆಂಡು ಎಸೆದಿದ್ದ. ಅದಕ್ಕೂ ಮೂರು ದಿನ ಮೊದಲು ಒಂದೇ ಪಂದ್ಯದಲ್ಲಿ 194. ಶಾಲೆಗೆ ಬೈಗುಳದ ಫೋನುಗಳ ಸುರಿಮಳೆಯಾಯಿತು. ಟಿ.ವಿ.ಯಲ್ಲಿ ಹಳೆಯ ಆಟಗಾರರು ಕಿಡಿಕಾರಿದರು.

ಆ ಚರ್ಚೆಯೆಲ್ಲ ಸರಿಯೋ ತಪ್ಪೋ ಎಂಬುದರ ಸುತ್ತಲೇ ಸುತ್ತಿತು. ನನಗೆ ಹತ್ತಿದ ಪ್ರಶ್ನೆ ಬೇರೆ. ಆ ಬೆಳಿಗ್ಗೆ ಆ ಬೆಂಚಿನ ಹತ್ತಿರ ಬೇರೊಬ್ಬ ಕೋಚ್ ನಿಂತಿದ್ದರೆ, ಅದೇ ಹುಡುಗನನ್ನು ನೋಡಿ ಅವನಿಗೆ ಏನು ಕಾಣುತ್ತಿತ್ತು?

ಎಸೆತದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಬೌಲರ್ ಓಡಿ ಬಂದು, ಕೈ ನೀಳವಾಗಿಟ್ಟು ತಿರುಗಿಸುತ್ತಾನೆ. ಬೇಸ್‌ಬಾಲ್ ಪಿಚರ್‌ಗೆ ಓಟವಿಲ್ಲ. ನಿಂತ ದಿಬ್ಬದಿಂದಲೇ, 18.44 ಮೀಟರ್ ಆಚೆ ಇರುವ ಬ್ಯಾಟುಗಾರನತ್ತ ಎಸೆಯಬೇಕು. ಬಲವೆಲ್ಲ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಿ, ಮಡಿಸಿದ ಮೊಣಕೈಯ ಮೂಲಕ ಚಾಟಿಯ ತುದಿಯ ಹಾಗೆ ಹೊರಬೀಳುತ್ತದೆ. ಮೊಣಕೈಯ ಒಳಮಗ್ಗುಲಲ್ಲಿ ಎರಡು ಮೂಳೆಗಳನ್ನು ಹಿಡಿದಿಟ್ಟ ಒಂದು ಸಣ್ಣ ಅಸ್ಥಿರಜ್ಜು ಇದೆ, ಟೇಪಿನ ತುಂಡಿನಷ್ಟು. ಪ್ರತಿ ಎಸೆತವೂ ಅದನ್ನು ಜಗ್ಗುತ್ತದೆ. ಬೆಳೆಯುವ ಮಕ್ಕಳಲ್ಲಿ ಆ ರಜ್ಜು ಅಂಟಿಕೊಂಡ ಜಾಗದ ಮೂಳೆ ಇನ್ನೂ ಪೂರ್ತಿ ಕೂಡಿರುವುದಿಲ್ಲ; ನಡುವೆ ಮೆದುವಾದ ಬೆಳವಣಿಗೆಯ ಪದರವಿರುತ್ತದೆ. ರಜ್ಜುವಿಗಿಂತ ಮೊದಲು ಸೋಲುವುದು ಆ ಪದರ. ಹುಡುಗ ಆರಡಿ ಎತ್ತರ ಬೆಳೆದಿರಬಹುದು, ಗಂಡಸಿನ ದನಿ ಬಂದಿರಬಹುದು. ಒಳಗೆ ಅದು ಮಗುವಿನ ಮೂಳೆಯೇ. ರೋಕಿ ಸಾಸಾಕಿಯ ಮೂಳೆಗಳನ್ನು ಪರೀಕ್ಷೆ ಮಾಡಿಸಿ, ಅವು ಇನ್ನೂ ಬೆಳೆಯುತ್ತಿವೆ ಎಂದು ಕೊಕುಬೊ ತಿಳಿದುಕೊಂಡಿದ್ದರು.

ಇನ್ನು ಜಪಾನಿನ ಕೋಚ್ ಎಂಬ ಮನುಷ್ಯ ಎಲ್ಲಿಂದ ಬಂದ ಎಂದು ನೋಡೋಣ.

ಬೇಸ್‌ಬಾಲ್ ಆ ದೇಶಕ್ಕೆ ಬಂದದ್ದು 1872ರಲ್ಲಿ, ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಅಧ್ಯಾಪಕನಿಂದ. ಆಟ ಪರದೇಶದ್ದು, ಅದನ್ನು ಕಲಿಸುವ ರೀತಿಯನ್ನು ಮಾತ್ರ ಜಪಾನೀಯರು ತಮ್ಮ ಗರಡಿಯಿಂದಲೇ ತೆಗೆದರು. ಆ ರೀತಿಗೆ ಅಚ್ಚು ಹಾಕಿದವರು ಸುಯಿಶು ತೊಬಿತಾ. ಸಮುರಾಯ್ ನಿಷ್ಠೆಗೆ ಹೆಸರಾದ ಮಿತೊ ಸೀಮೆಯವರು. 1910ರಲ್ಲಿ ಅವರು ವಾಸೆದಾ ವಿಶ್ವವಿದ್ಯಾಲಯದ ನಾಯಕರಾಗಿದ್ದಾಗ ಅಮೆರಿಕದಿಂದ ಶಿಕಾಗೊ ವಿಶ್ವವಿದ್ಯಾಲಯದ ತಂಡ ಬಂದು ಅವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ತೊಬಿತಾ ಸೋಲಿನ ಹೊಣೆ ಹೊತ್ತು ತಂಡ ಬಿಟ್ಟರು. 1919ರಲ್ಲಿ ಅದೇ ತಂಡಕ್ಕೆ ಕೋಚ್ ಆಗಿ ಮರಳಿದರು. 1925ರಲ್ಲಿ ಶಿಕಾಗೊವನ್ನು ಸೋಲಿಸಿದರು. ಆ ಕೆಲಸ ಮುಗಿದ ಮೇಲೆ ಕೋಚ್ ಹುದ್ದೆಯನ್ನೂ ಬಿಟ್ಟರು.

ಈ ನಡುವಿನ ವರ್ಷಗಳಲ್ಲಿ ವಾಸೆದಾದ ಹುಡುಗರು ಪಟ್ಟ ಪಾಡು ಊಹಿಸಿ. ಒಬ್ಬ ಗಂಡಸಿನ ಎದೆಯಲ್ಲಿ ಆರದ ಒಂದು ಸೋಲು ನೂರು ಹುಡುಗರ ದಿನಚರಿಯಾಯಿತು. ಸಾವಿರ ಚೆಂಡಿನ ಅಭ್ಯಾಸ ಎಂಬುದೊಂದಿದೆ: ಕೋಚ್ ಒಂದರ ಹಿಂದೊಂದು ಚೆಂಡು ಹೊಡೆಯುತ್ತಾನೆ, ಹುಡುಗ ನೆಲಕ್ಕೆ ಬೀಳುವವರೆಗೆ ಹಿಡಿಯುತ್ತಾನೆ. ನೋವನ್ನು ನುಂಗುವುದೇ ಆಟ, ಚೆಂಡು ಬರೀ ನೆಪ. ಆಮೇಲೆ ತೊಬಿತಾ ಅಸಾಹಿ ಪತ್ರಿಕೆಯ ಬರಹಗಾರರಾದರು. ಬೇಸಿಗೆಯ ಕೋಶಿಯೆನ್ ನಡೆಸುವುದೂ ಅದೇ ಪತ್ರಿಕೆ. ಹೀಗಾಗಿ ಅವರ ನಂಬಿಕೆ ದೇಶದ ಮೂಲೆಮೂಲೆಯ ಶಾಲಾ ಮೈದಾನಕ್ಕೂ ತಲುಪಿತು. ಅಲ್ಲಿ ಕಲಿತ ಹುಡುಗರು ಕೋಚ್‌ಗಳಾದರು. ಅವರ ಹುಡುಗರೂ ಕೋಚ್‌ಗಳಾದರು.

ತೊಬಿತಾ ಮಕ್ಕಳನ್ನು ಪ್ರೀತಿಸಲಿಲ್ಲ ಎಂದು ನಾನು ಹೇಳಲಾರೆ. ತಾನು ಪಟ್ಟ ಕಷ್ಟವನ್ನೇ ಮಗನಿಗೆ ಆಸ್ತಿಯಾಗಿ ಕೊಡುವ ತಂದೆಯರನ್ನು ನಾವೆಲ್ಲ ನೋಡಿದ್ದೇವೆ. ಅವರೂ ಪ್ರೀತಿಯಿಂದಲೇ ಕೊಡುತ್ತಾರೆ.

ಆ ಪರಂಪರೆಯ ತುದಿಗೆ ಬಂದರೆ 1998ರ ಆಗಸ್ಟ್. ಯೊಕೊಹಾಮಾ ಹೈಸ್ಕೂಲಿನ ದೈಸುಕೆ ಮತ್ಸುಜಾಕಾ ಕೋಶಿಯೆನ್‌ನಲ್ಲಿ ಒಂದು ದಿನ 148 ಚೆಂಡು ಎಸೆದು, ಮರುದಿನವೇ ಮಾಮೂಲಿಗಿಂತ ಎಷ್ಟೋ ಉದ್ದ ಎಳೆದ 17 ಇನಿಂಗ್ಸ್‌ಗಳ ಪಂದ್ಯದಲ್ಲಿ 250 ಚೆಂಡು ಎಸೆದ. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಗೆಲ್ಲಿಸಿದ. ಇಂದಿಗೂ ಜಪಾನಿನಲ್ಲಿ ಅದನ್ನು ಪುರಾಣದಂತೆ ಹೇಳುತ್ತಾರೆ. 2011ರಲ್ಲಿ ಅವನ ಮೊಣಕೈ ಶಸ್ತ್ರಚಿಕಿತ್ಸೆಯಾದದ್ದನ್ನು ಆ ಕಥೆಯೊಳಗೆ ಸೇರಿಸುವುದಿಲ್ಲ. 2018ರಲ್ಲಿ ಅಕಿತಾದ ಒಂದು ಕೃಷಿ ಶಾಲೆಯ ಹುಡುಗ ಕೋಸೆಯ್ ಯೋಶಿದಾ ಒಂದೇ ಟೂರ್ನಿಯಲ್ಲಿ 881 ಚೆಂಡು ಎಸೆದ. ಅದಾದ ಮೇಲಷ್ಟೇ ಜಪಾನಿನ ಹೈಸ್ಕೂಲ್ ಬೇಸ್‌ಬಾಲ್ ಒಕ್ಕೂಟ ವಾರಕ್ಕೆ 500 ಚೆಂಡಿನ ಮಿತಿ ತಂದಿತು, 2020ರಲ್ಲಿ.

ಇದನ್ನೆಲ್ಲ ಓದುವಾಗ ಜಪಾನ್ ನನಗೆ ದೂರ ಅನ್ನಿಸಲಿಲ್ಲ. ನನ್ನ ಮೇಷ್ಟ್ರು ಗರಡಿಯಲ್ಲಿ ಮೈ ಪಳಗಿಸಿದವರು. ಬಿಸಿಲಲ್ಲಿ ಮೈದಾನ ಸುತ್ತಿಸುವರು, ನಡುವೆ ನೀರು ಕುಡಿಯಲು ಬಿಡುತ್ತಿರಲಿಲ್ಲ. ನೀರು ಕುಡಿದರೆ ಕಾಲು ಭಾರ ಆಗುತ್ತೆ ಎನ್ನುತ್ತಿದ್ದರು. ಅವರ ವಸ್ತಾದರು ಅವರಿಗೆ ಹಾಗೇ ಹೇಳಿದ್ದರಂತೆ. ಜಪಾನಿನ ಹಳೆಯ ಕೋಚ್‌ಗಳೂ ಅಭ್ಯಾಸದ ನಡುವೆ ನೀರು ಕೊಡುತ್ತಿರಲಿಲ್ಲ ಎಂದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನಾನು ಜಾವೆಲಿನ್ ಎಸೆಯುತ್ತಿದ್ದವನು. ಹದಿನೇಳರಲ್ಲಿ ನನ್ನ ಭುಜ ನೋಯುತ್ತಿತ್ತು. ಎಸೆಯುತ್ತಲೇ ಇದ್ದೆ, ನೋವು ತಾನಾಗಿ ಹೋಯಿತು. ನೋವು ತಾನಾಗಿ ಹೋಗುತ್ತದೆ ಎಂಬುದೇ ನಾನು ಕೆಲಸಕ್ಕೆ ಸೇರುವಾಗ ತಂದ ವಿದ್ಯೆ. ಬಿ.ಪಿ.ಎಡ್.ನಲ್ಲಿ ಓದಿದ್ದು ಪರೀಕ್ಷೆಯ ಹಾಳೆಯಲ್ಲೇ ಉಳಿಯಿತು.

ಅದೇ 1998ರಲ್ಲಿ, ಹಾಸನ ಜಿಲ್ಲೆಯ ಒಂದು ಶಾಲೆಯಲ್ಲಿ, ಹತ್ತನೇ ತರಗತಿಯ ಹುಡುಗನೊಬ್ಬ ಬಿದಿರಿನ ಜಾವೆಲಿನ್ ಹಿಡಿದು ಎಸೆದರೆ ಮೈದಾನದಾಚೆಯ ರಾಗಿ ಹೊಲಕ್ಕೆ ಬೀಳುತ್ತಿತ್ತು. ತಾಲ್ಲೂಕು ಮಟ್ಟ ಗೆದ್ದ. ಜಿಲ್ಲಾ ಮಟ್ಟಕ್ಕೆ ಎರಡು ವಾರವಿತ್ತು. ಬೆಳಿಗ್ಗೆ ಐವತ್ತು, ಸಂಜೆ ಐವತ್ತು ಎಸೆಸಿದೆ. ಒಂದು ದಿನ ಬಂದು ಬಲಗೈ ಮೊಣಕೈಯ ಒಳಗಡೆ ಒತ್ತಿ ತೋರಿಸಿ, ‘ಸಾರ್, ಇಲ್ಲಿ ಚುಳ್ ಅನ್ನುತ್ತೆ’ ಅಂದ. ಬಿಸಿ ಎಣ್ಣೆ ಹಚ್ಚಿ ನೀವಿಕೊ, ಹೋಗುತ್ತೆ ಅಂದೆ. ಜಿಲ್ಲಾ ಮಟ್ಟದಲ್ಲಿ ಎರಡನೇ ಎಸೆತಕ್ಕೆ ಕೈ ಹಿಡಿದು ಕೂತ. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಈಗ ಅವನದೊಂದು ಕಿರಾಣಿ ಅಂಗಡಿ. ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಬೇಕಾದಾಗ ಸ್ಟೂಲು ಎಳೆದುಕೊಂಡು ಎಡಗೈ ಚಾಚುತ್ತಾನೆ. ನನ್ನನ್ನು ಕಂಡರೆ ಎದ್ದು ನಿಂತು ‘ಬನ್ನಿ ಸಾರ್’ ಎನ್ನುತ್ತಾನೆ. ಕಾಫಿ ತರಿಸುತ್ತಾನೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನು ಹೇಳಿದ್ದು ಸರಿ ಎಂದು ಅವನು ಆಗಲೂ ನಂಬಿದ್ದ, ಈಗಲೂ ನಂಬಿದ್ದಾನೆ. ನನಗೆ ತಡೆಯಲಾಗದ್ದು ಅದೇ.

ಹತ್ತು ವರ್ಷ ಕಳೆದು, 2008ರಲ್ಲಿ, ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಹುಡುಗರು ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆಯಿಂದ ಅಮೆರಿಕಕ್ಕೆ ಹೋಗಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು. ಅವರನ್ನು ತಿದ್ದಿದ ಟಾಮ್ ಹೌಸ್ ಹಿಂದೆ ತಾವೂ ಪಿಚರ್ ಆಗಿದ್ದವರು, ಆದರೆ ವೇಗದ ಎಸೆತಗಾರರಲ್ಲ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಎಸೆಯುವ ದೇಹವನ್ನು ಕ್ಯಾಮೆರಾ ಇಟ್ಟು ಅಳೆದವರಲ್ಲಿ ಮೊದಲಿಗರು. ಹುಟ್ಟಿನಿಂದ ವೇಗ ಬಂದವನಿಗೆ ತನ್ನ ಕೈ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿಕೊಳ್ಳಬೇಕಾಗಿಯೇ ಬರುವುದಿಲ್ಲ. ವೇಗವಿಲ್ಲದವನು ಕೇಳದೆ ಬದುಕಲಾರ. ಒಳ್ಳೆಯ ಕೋಚ್‌ಗಳಲ್ಲಿ ಅಷ್ಟೇನೂ ದೊಡ್ಡ ಆಟಗಾರರಲ್ಲದವರೇ ಹೆಚ್ಚು ಎಂದು ನನಗೆ ಅನ್ನಿಸುವುದು ಇದರಿಂದಲೇ. ಆ ಇಬ್ಬರು ಜಾವೆಲಿನ್ ಹುಡುಗರ ಸುದ್ದಿ ಓದುವಾಗ ನನ್ನ ಕಣ್ಣೆದುರು ಇದ್ದದ್ದು ಮಾತ್ರ ಕಿರಾಣಿ ಅಂಗಡಿಯ ಸ್ಟೂಲು.

ಅಮೆರಿಕ ಈ ವಿಷಯದಲ್ಲಿ ಪುಣ್ಯಭೂಮಿ ಎಂದು ತಿಳಿಯಬೇಡಿ. ಹರಿದ ಆ ಮೊಣಕೈ ರಜ್ಜುವನ್ನು ಕಟ್ಟಿಕೊಡುವ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಅಲ್ಲೇ: 1974ರಲ್ಲಿ ಡಾ. ಫ್ರಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಇಂದು ಆ ಚಿಕಿತ್ಸೆಗೆ ಅವನದೇ ಹೆಸರು. ಅದು ಈಗ ಹೈಸ್ಕೂಲ್ ಮಕ್ಕಳವರೆಗೂ ಇಳಿದಿದೆ. ಅಲಬಾಮಾದ ಸಂಶೋಧಕರು 481 ಬಾಲ ಪಿಚರ್‌ಗಳನ್ನು ಹತ್ತು ವರ್ಷ ಬೆನ್ನು ಬಿಡದೆ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ದೊಡ್ಡ ಗಾಯದ ಸಂಭವ ಮೂರೂವರೆ ಪಟ್ಟು. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಿಂದಲೇ ಚೆಂಡುಗಳ ಎಣಿಕೆಗೆ ನಿಯಮ ಮಾಡಿತ್ತು. ಈಗ 11–12ರ ಮಗು ದಿನಕ್ಕೆ 85ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. ನಿಯಮ ಕಾಗದದ ಮೇಲಿರುತ್ತದೆ, ಎಣಿಸುವವನು ಮೈದಾನದಲ್ಲಿರುತ್ತಾನೆ. ಅಲ್ಲಿ ಮಕ್ಕಳ ತಂಡಗಳನ್ನು ಹೆಚ್ಚಾಗಿ ನಡೆಸುವುದು ಅಪ್ಪಂದಿರು, ತಮ್ಮ ಹುಡುಗತನದ ಒಂದು ಆಸೆಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದವರು.

ಎಲ್ಲ ಅಪ್ಪಂದಿರೂ ಹಾಗಲ್ಲ. ಜಪಾನಿನ ಹೆಸರಾಂತ ಬೇಸ್‌ಬಾಲ್ ಆಟಗಾರ ಶೋಹೆಯ್ ಓತಾನಿಯ ತಂದೆ ತೋರು ಕಂಪನಿಯೊಂದರ ತಂಡದಲ್ಲಿ ಆಡುತ್ತಿದ್ದವರು, ಆಟ ನಿಂತ ಮೇಲೆ ಕಾರು ಕಾರ್ಖಾನೆಯಲ್ಲಿ ದುಡಿದವರು. ಮಗನ ತಂಡಕ್ಕೆ ಕೋಚ್ ಆದಾಗ ಅವರಿಬ್ಬರ ನಡುವೆ ಒಂದು ನೋಟ್‌ಬುಕ್ ಓಡಾಡುತ್ತಿತ್ತು. ಅದರಲ್ಲಿ ಅಪ್ಪ ಒತ್ತಿ ಹೇಳಿದ್ದು ಮೂರೇ: ಜೋರಾಗಿ ದನಿ ಹೊರಡಿಸಿ ಹುರುಪಿನಿಂದ ಆಡು, ಚೆಂಡು ಎಸೆದು ಹಿಡಿಯುವುದನ್ನು ಮನಸ್ಸಿಟ್ಟು ಮಾಡು, ಓಡುವಾಗ ಪೂರ್ತಿ ಓಡು. ಗೆಲ್ಲು ಎಂಬ ಮಾತು ಆ ಮೂರರಲ್ಲಿಲ್ಲ.

ಈಗ ಕೊಕುಬೊ ಅವರ ಕಡೆಗೆ. ಅವರೂ ಜಪಾನಿನ ಶಾಲಾ ಮೈದಾನದಲ್ಲೇ ಬೆಳೆದವರು. ಆಮೇಲೆ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದಿದರು. ಕ್ರೀಡಾ ವಿಜ್ಞಾನಕ್ಕೆ ಆ ದೇಶದಲ್ಲಿ ಅದು ದೊಡ್ಡ ಹೆಸರು. ಮುಂದೆ ಅಮೆರಿಕಕ್ಕೆ ಹೋಗಿ, ಮೇಜರ್ ಲೀಗ್‌ನ ಹೊರಗೆ ಸಣ್ಣ ಸಂಬಳಕ್ಕೆ ನಡೆಯುವ ಸ್ವತಂತ್ರ ಲೀಗ್ ಒಂದರಲ್ಲಿ ಆಡಿ ಬಂದರು. ಒಂದೇ ಆಟವನ್ನು ಎರಡು ದೇಶ ಎರಡು ರೀತಿ ನಂಬುವುದನ್ನು ಕಂಡವನಿಗೆ ತನ್ನ ಊರಿನ ಪದ್ಧತಿ ದೇವರು ಬರೆದದ್ದಲ್ಲ ಎಂದು ಗೊತ್ತಾಗಿರುತ್ತದೆ. ಆ ಬೆಳಿಗ್ಗೆ ಬೆಂಚಿನ ಹತ್ತಿರ ನಿಂತ ಅವರಿಗೆ ಕಂಡದ್ದು ಹುಡುಗನ ಮೊಣಕೈ. 1998ರಲ್ಲಿ ನಾನಿದ್ದ ಹಾಗೆ ಇದ್ದವನಿಗೆ ಕಾಣುತ್ತಿದ್ದುದು ಗೆಲುವಿನ ಕಪ್.

ಆದರೂ ಅವರ ತೀರ್ಮಾನದಲ್ಲಿ ನನಗೆ ಒಂದು ಕಡೆ ಮುಳ್ಳು ಚುಚ್ಚುತ್ತದೆ. ಹುಡುಗನಿಗೆ ಎಸೆಯುವ ಆಸೆಯಿತ್ತು. ಗೆಳೆಯರಿಗೂ ಅದು ಜೀವನದಲ್ಲಿ ಒಂದೇ ಸಲ ಬರುವ ದಿನ. ಹುಡುಗರ ಜೊತೆ ಮೊದಲೇ ಕೂತು ಮಾತಾಡಬಹುದಿತ್ತಲ್ಲವೇ? ಒಳ್ಳೆಯದನ್ನೇ ಮಾಡುವಾಗಲೂ ಕೋಚ್ ಒಬ್ಬನೇ ತೀರ್ಮಾನಿಸಿದರೆ, ಅಲ್ಲಿ ತೊಬಿತಾ ಸ್ವಲ್ಪ ಉಳಿದಿರುತ್ತಾರೆ.

ಹುಡುಗರನ್ನು ಕೇಳುವ ಕೋಚ್ ಕೂಡ ಇದ್ದಾರೆ. 2023ರಲ್ಲಿ ಬೇಸಿಗೆಯ ಕೋಶಿಯೆನ್ ಗೆದ್ದದ್ದು ಕೇಯೊ ಹೈಸ್ಕೂಲು, 107 ವರ್ಷಗಳ ನಂತರ. ಅವರ ಕೋಚ್ ತಕಾಹಿಕೊ ಮೊರಿಬಯಾಶಿಯ ಕಸುಬು ಪ್ರಾಥಮಿಕ ಶಾಲೆಯ ಮೇಷ್ಟ್ರು! ಹಗಲು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಮೈದಾನಕ್ಕೆ ಬರುವವರು. ನೀವೇ ಯೋಚಿಸಿ ಎಂದು ಬಿಟ್ಟು, ಉತ್ತರಕ್ಕೆ ಕಾಯುವುದು ಅವರ ಕ್ರಮ. ಹುಡುಗರು ಅವರನ್ನು ‘ಕಾಂತೊಕು’, ಅಂದರೆ ಕೋಚ್ ಸಾಹೇಬರು, ಎಂದು ಕರೆಯುವುದಿಲ್ಲ. ‘ಮೊರಿಬಯಾಶಿ ಸಾನ್’ ಎನ್ನುತ್ತಾರೆ, ನಾವು ಹೆಸರಿಗೆ ‘ಅವರೇ’ ಹಚ್ಚಿ ಮಾತಾಡಿಸಿದ ಹಾಗೆ. ಬೆಳಿಗ್ಗೆ ಏಳು ವರ್ಷದ ಮಗುವಿನ ಪ್ರಶ್ನೆಗೆ ಬಗ್ಗಿ ಉತ್ತರಿಸಿದವರು ಸಂಜೆ ಹದಿನೇಳರ ಹುಡುಗನ ಮೇಲೆ ಹೇಗೆ ಕೂಗಾಡಿಯಾರು?

ಕೊನೆಗೆ ಆ ಫೈನಲ್‌ಗೇ ಮರಳುತ್ತೇನೆ. ಎದುರು ತಂಡ ಯಾವುದೆಂದು ನಾನು ಹೇಳಲಿಲ್ಲ. ಅದು ಹನಾಮಾಕಿ ಹಿಗಾಶಿ, ಓತಾನಿ ಓದಿದ ಶಾಲೆ. ಅದರ ಕೋಚ್ ಹಿರೋಶಿ ಸಾಸಾಕಿ. ರೋಕಿಗೂ ಅವರಿಗೂ ನಂಟಿಲ್ಲ, ಹೆಸರಷ್ಟೇ ಒಂದು. ಇವರು ಹಳೆಯ ಗರಡಿಯ ಆಳು. ಕೂದಲು ಬೋಳಿಸುವುದು, ಹಾಸ್ಟೆಲಿನ ಶಿಸ್ತು, ಎಲ್ಲವನ್ನೂ ಬಲ್ಲವರು. 2009ರಲ್ಲಿ ಅವರ ಶಿಷ್ಯ ಯೂಸೆಯ್ ಕಿಕುಚಿ ಕೋಶಿಯೆನ್‌ನಲ್ಲಿ ಬೆನ್ನು ನೋವಿನಲ್ಲೇ ಆಡಿದ. ಆಮೇಲೆ ನೋಡಿದರೆ ಪಕ್ಕೆಲುಬು ಮುರಿದಿತ್ತು. ಮುಂದಿನ ವರ್ಷ ಓತಾನಿ ಸೇರಿದಾಗ ಅದೇ ಕೋಚ್ ಅವನಿಗೆ ಮೊದಲ ತಿಂಗಳುಗಳಲ್ಲಿ ಪಿಚಿಂಗ್ ಕೊಡಲಿಲ್ಲ. ನಿನ್ನ ಮೂಳೆ ಇನ್ನೂ ಬೆಳೆಯುತ್ತಿದೆ, ದೂರದ ಫೀಲ್ಡಿಂಗ್ ಮಾಡು ಎಂದರು. ಹಾಸ್ಟೆಲಿನಲ್ಲಿ ಪಿಚರ್‌ಗಳ ಪಾಲಿಗೆ ಶೌಚಾಲಯ ತೊಳೆಯುವ ಕೆಲಸ ಹಚ್ಚಿದರು. ಆಟದಲ್ಲಿ ಎಲ್ಲರಿಗಿಂತ ಎತ್ತರದ ಜಾಗದಲ್ಲಿ ನಿಲ್ಲುವವನು ಬೇರೆಯವರು ಒಲ್ಲದ ಕೆಲಸ ಮಾಡಬೇಕು ಎಂಬುದು ಅವರ ಮತ. ಮನೆಯಲ್ಲಿ ಅವರ ಹವ್ಯಾಸ ಬೋನ್ಸಾಯ್.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನಾನು ಸಾವಿರ ಸಲ ಹೇಳಿದ್ದೇನೆ, ಹುಡುಗರನ್ನು ದಂಡಿಸುವ ಮುನ್ನ. ಬೋನ್ಸಾಯ್ ಮಾಡುವವರು ರೆಂಬೆಗೆ ತಂತಿ ಸುತ್ತಿ, ದಿನಕ್ಕಿಷ್ಟು ಎಂದು ಬಗ್ಗಿಸಿ, ತಿಂಗಳುಗಟ್ಟಲೆ ಕಾಯುತ್ತಾರೆ. ತೊಗಟೆಗೆ ತಂತಿ ಕೊರೆಯುವ ಮೊದಲೇ ಬಿಚ್ಚುತ್ತಾರೆ. ನನ್ನ ಗಾದೆಯಲ್ಲಿ ಬಿಚ್ಚುವ ಮಾತೇ ಇರಲಿಲ್ಲ.

ಇಷ್ಟು ಜೋಪಾನದ ಮೇಲೂ ಓತಾನಿಯ ಮೊಣಕೈಗೆ 2018ರಲ್ಲಿ, ಮತ್ತೆ 2023ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ರೋಕಿ ಸಾಸಾಕಿ 2025ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ ಮೊದಲ ವರ್ಷವೇ ಭುಜದ ತೊಂದರೆಯಿಂದ ತಿಂಗಳುಗಟ್ಟಲೆ ಹೊರಗಿದ್ದ. ಆ ಎಸೆತ ಮನುಷ್ಯನ ಕೈಗೆ ಹೇಳಿ ಮಾಡಿಸಿದ್ದಲ್ಲ. ಯಾವ ಕೋಚೂ ಭರವಸೆ ಕೊಡಲಾರ.

ಅದಕ್ಕೂ ಮೊದಲು, 2020ರಲ್ಲಿ ರೋಕಿ ಜಪಾನಿನ ಚಿಬಾ ಲೊಟ್ಟೆ ಎಂಬ ವೃತ್ತಿಪರ ತಂಡಕ್ಕೆ ಸೇರಿದಾಗ ಆ ಇಡೀ ವರ್ಷ ಒಂದು ಪಂದ್ಯದಲ್ಲೂ ಅವನನ್ನು ಆಡಿಸಲಿಲ್ಲ, ಮೈ ಕಟ್ಟಿಸಿದರು. ಅಲ್ಲಿನ ಪಿಚಿಂಗ್ ಕೋಚ್ ಮಸಾತೊ ಯೋಶಿಯಿ ಅಮೆರಿಕದಲ್ಲಿ ಆಡಿ ಬಂದು, ನಡುವಯಸ್ಸಿನಲ್ಲಿ ಅದೇ ತ್ಸುಕುಬಾದಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತವರು. 2022ರ ಏಪ್ರಿಲ್ 10ರಂದು ರೋಕಿ ಒಬ್ಬ ಬ್ಯಾಟುಗಾರನನ್ನೂ ಬೇಸ್ ಮುಟ್ಟಲು ಬಿಡದೆ, 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಪರಿಪೂರ್ಣ ಪಂದ್ಯ ಆಡಿದ. ಒಂದು ವಾರ ಬಿಟ್ಟು, 17ರಂದು, ಮತ್ತೆ ಎಂಟು ಇನಿಂಗ್ಸ್ ಒಬ್ಬನನ್ನೂ ಬಿಟ್ಟುಕೊಡಲಿಲ್ಲ. ಇನ್ನೊಂದೇ ಇನಿಂಗ್ಸ್ ಬಾಕಿಯಿತ್ತು. 102 ಚೆಂಡು ಆಗಿತ್ತು. ವ್ಯವಸ್ಥಾಪಕ ತದಾಹಿತೊ ಇಗುಚಿ, ಅವರೂ ಅಮೆರಿಕದಲ್ಲಿ ಆಡಿ 2005ರಲ್ಲಿ ಶಿಕಾಗೊ ತಂಡದ ಜೊತೆ ವರ್ಲ್ಡ್ ಸೀರೀಸ್ ಗೆದ್ದವರು, ಅವನನ್ನು ಕೂರಿಸಿದರು. ಹತ್ತನೇ ಇನಿಂಗ್ಸ್‌ನಲ್ಲಿ ಲೊಟ್ಟೆ ಸೋತಿತು, 1–0.

ಅವನು ಬೆಂಚಿನಲ್ಲಿ ಕೂತು ನೋಡುತ್ತಿದ್ದ. ಅವನಿಗಾಗ ಇಪ್ಪತ್ತು ವರ್ಷ.